ಶೋಕೇಸಿನಲ್ಲಿಟ್ಟ ನೀಲಿ ಪಂಪ್

ಕೋರಾಡಿ, ನಾಗಪುರ
2 ಡಿಸೆಂಬರ್ 2024

ನನ್ನ ಹೇಮತ್ತೆ,

ಮದುವೆಗೆ ಎಲ್ಲರೂ ಕುಕ್ಕರ್ ಕೊಟ್ಟರೆ ನೀವು ಬೆಟಗೇರಿಯ ವಿಳಾಸ ಬರೆದು ಸ್ಟಾಂಪು ಹಚ್ಚಿದ ಹನ್ನೆರಡು ಲಕೋಟೆ ಕೊಟ್ಟಿರಿ. "ಇಂಗ್ಲಿಷ್ ಮೀಡಿಯಮ್ಮಿನಾಕಿ, ನಿನ್ನ ಕನ್ನಡಕ್ಕ ತುಕ್ಕು ಹಿಡಿತೈತಿ. ತಿಂಗಳಿಗೊಂದು ಬರಿ. ಫೋನಿನ್ಯಾಗ ನೀ ಎಷ್ಟು ಒದರಿದ್ರೂ ನನ್ನ ಕಿವಿಗೆ ಬೀಳೂದಿಲ್ಲ" ಅಂದಿರಿ. ಇಗೋ ಮೊದಲನೆಯದು. ಸಂಡೆ ಸ್ಕೂಲಿನಲ್ಲಿ ಮಾಡುತ್ತಿದ್ದ ಹಾಗೆ ತಪ್ಪುಗಳಿಗೆ ಕೆಂಪು ಗೆರೆ ಎಳೆದು ವಾಪಸ್ ಕಳಿಸಬೇಡಿ.

ಸಮರ್ಥ್‌ನ ಬಗ್ಗೆ ಅಲ್ಲದೆ ಬೇರೇನೂ ಬರೆಯಲು ತೋಚುತ್ತಿಲ್ಲ, ಕ್ಷಮಿಸಿ. ಅವನು ನಗುವಾಗ ಎಡಗಣ್ಣು ಮೊದಲು ಮುಚ್ಚುತ್ತದೆ. ಪವರ್ ಪ್ಲಾಂಟಿನಿಂದ ಬಂದ ಕೂಡಲೇ ಹೆಲ್ಮೆಟ್ಟನ್ನು ನನ್ನ ತಲೆಗೆ ಹಾಕಿ "ಮೇಡಂ, ಇನ್‌ಸ್ಪೆಕ್ಷನ್ ಬರೋಬರ್ ಆಗ್ಯದ?" ಎನ್ನುತ್ತಾನೆ. ಇಲ್ಲೇ ಹುಟ್ಟಿ ಬೆಳೆದವನು, ಕನ್ನಡ ಓದಲು ಬರುವುದಿಲ್ಲ. ಈಗಷ್ಟೇ ನನ್ನ ಹೆಗಲ ಮೇಲಿಂದ ಬಗ್ಗಿ "ಎಲ್ಲಾ ಜಿಲೇಬಿ ಕಾಣಸ್ತದ. ಇದರಾಗ ನಾ ಯಾವ ಜಿಲೇಬಿ?" ಅಂದ. ತೋರಿಸಿದೆ. ಅಲ್ಲಿ ಶಾಯಿ ಸ್ವಲ್ಪ ಹರಡಿದೆ, ಯಾಕೆಂದು ಕೇಳಬೇಡಿ.

ನಮ್ಮದು ಸ್ಟಾಫ್ ಕಾಲೊನಿಯ ಎರಡು ಕೋಣೆಯ ಕ್ವಾರ್ಟರ್ಸ್. ಮುಂದಿನದರಲ್ಲಿ ಮಾವ ಮರಿಯಪ್ಪನವರು, ಹಿಂದಿನದರಲ್ಲಿ ನಾವು. ಮಾವ ರೈಲ್ವೆ ಗಾರ್ಡ್ ಆಗಿದ್ದವರು. ಪ್ರಾರ್ಥನೆ ಮುಗಿಸುವಾಗ ಈಗಲೂ ಬಲಗೈ ತಾನಾಗಿ ಮೇಲೇಳುತ್ತದೆ, ಹಸಿರು ಬಾವುಟ ತೋರಿಸುವ ಹಾಗೆ. ಇಲ್ಲಿಯ ಕನ್ನಡ ಸಭೆಗೆ ಪಾಸ್ಟರ್ ಇಲ್ಲ. ಹನ್ನೆರಡು ಮನೆಗಳ ಜನ ಭಾನುವಾರ ಸಂಜೆ ನಾಲ್ಕಕ್ಕೆ ಬಜಾಜ್ ನಗರದ ಕಡೆ ಒಂದು ಚರ್ಚಿನ ಹಾಲ್ ಬೇಡಿ ಪಡೆದು ಸೇರುತ್ತಾರೆ. ಇಪ್ಪತ್ತೆರಡು ವರ್ಷದಿಂದ ಅದನ್ನು ನಡೆಸುವವರು ಮಾವನೇ.

ಈಗ ನಿಜವಾದ ಸುದ್ದಿ. ನಾವು ಬಂದಿಳಿದ ದಿನವೇ ನನ್ನ ಉಬ್ಬಸ ಕೆರಳಿತು. ಮಾತೂ ಆಡಲಾಗದಷ್ಟು. ಮಾವ ನನ್ನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಹತ್ತು ನಿಮಿಷ, ಹೇಮತ್ತೆ. ಹತ್ತೇ ನಿಮಿಷದಲ್ಲಿ ಎದೆ ಹಗುರವಾಯಿತು. "ಮಾವ, ಉಸಿರು ಬಂತು" ಎಂದೆ. ಅವರು ಗೋಡೆಗೆ ಮುಖ ಮಾಡಿ ಅತ್ತರು. ಇವತ್ತಿಗೆ ಎಂಟು ದಿನ, ನಾನು ನನ್ನ ಇನ್‌ಹೇಲರ್, ಆ ನೀಲಿ ಪಂಪ್, ಮುಟ್ಟಿಲ್ಲ. ನನ್ನನ್ನು ಎತ್ತಿಕೊಂಡು ನೀವು ಎಷ್ಟು ಸಲ ಆಸ್ಪತ್ರೆಗೆ ಓಡಿದ್ದೀರಿ, ಆ ನೆಬ್ಯುಲೈಜರ್ ಮಾಸ್ಕನ್ನು ಆನೆ ಸೊಂಡಿಲು ಎಂದು ಹೇಳಿ ನನಗೆ ಎಷ್ಟು ಸಲ ಹಾಕಿದ್ದೀರಿ. ನಿಮಗೇ ಮೊದಲು ಹೇಳಬೇಕು ಅನ್ನಿಸಿತು.

ಸಂತೋಷ ಹೆಚ್ಚಾಗಿ ಅಕ್ಷರ ಕುಣಿಯುತ್ತಿದೆ.

ನಿಮ್ಮ ಅಮ್ಮು


ಬೆಟಗೇರಿ
14 ಡಿಸೆಂಬರ್ 2024

ಪ್ರಿಯ ಅಮೂಲ್ಯಾ,

ಕಾಗದ ಬಂತು. ಮೂರು ಸಲ ಓದಿದೆ. ಹದಿನೆಂಟು ವರ್ಷ ನಿನ್ನ ಎದೆಗಾಗಿ ಬೇಡಿದ್ದೇನೆ, ಆದ್ದರಿಂದ ನಾಲ್ಕನೆಯ ಸಲ ಓದುವಾಗ ಕನ್ನಡಕ ಒರೆಸಬೇಕಾಯಿತು.

ನಲವತ್ತು ವರ್ಷ ನರ್ಸ್ ಆಗಿದ್ದವಳು ಒಂದು ಮಾತು ಕೇಳುತ್ತೇನೆ. ನೀಲಿ ಪಂಪಿನ ಸುದ್ದಿ ಬರೆದೆ. ಅದು ಉಬ್ಬಸ ಬಂದಾಗಿನದು. ದಿನಾ ಬೆಳಿಗ್ಗೆ ಸಂಜೆ ತೆಗೆದುಕೊಳ್ಳುವ ಕಂದು ಪಂಪಿನ ಸುದ್ದಿ ಇಲ್ಲ. ಅದನ್ನು ಬಿಟ್ಟಿಲ್ಲ ತಾನೆ?

ನಿನ್ನ ಗಂಡನ ಎಡಗಣ್ಣಿನ ವಿಷಯ ತಿಳಿಯಿತು. ಬಲಗಣ್ಣೂ ಸರಿಯಿದೆ ಎಂದು ನಂಬಿದ್ದೇನೆ.

ಕರ್ತನು ನಿಮ್ಮಿಬ್ಬರನ್ನೂ ಕಾಯಲಿ.

ಹೇಮಲತಾ


ಕೋರಾಡಿ
8 ಜನವರಿ 2025

ನನ್ನ ಹೇಮತ್ತೆ,

ಕ್ರಿಸ್‌ಮಸ್ ಹೇಗೆ ಕಳೆಯಿತೆಂದರೆ, ನನ್ನ ಸೀರೆಯ ಸೆರಗಿನಲ್ಲಿ ಇನ್ನೂ ಮೇಣದ ಕಲೆ ಇದೆ. ಹನ್ನೆರಡು ಮನೆಗೂ ಕ್ಯಾರಲ್ ಹಾಡಲು ಹೋಗಿದ್ದೆವು. ಸಮರ್ಥ್ ಡ್ರಮ್, ನಾನು ಕಂಠ. ಕನ್ನಡದ ಹಾಡನ್ನು ಅವನು ದೇವನಾಗರಿಯಲ್ಲಿ ಬರೆದುಕೊಂಡು ಹಾಡುತ್ತಾನೆ, ಅಷ್ಟು ಮುದ್ದಾಗಿ ತಪ್ಪು ಹೇಳುತ್ತಾನೆ.

ಕ್ರಿಸ್‌ಮಸ್ ಆರಾಧನೆಯಲ್ಲಿ ಮಾವ ಎಂದಿನಂತೆ "ಸಾಕ್ಷಿ ಹೇಳೋರು ಅದಾರೇನು?" ಅಂದರು. ಇಲ್ಲಿ ಯಾರೂ ಏಳುವುದಿಲ್ಲವಂತೆ, ಎದ್ದರೂ ಟ್ರಾನ್ಸ್‌ಫರ್ ತಪ್ಪಿದ್ದಕ್ಕೆ ಸ್ತೋತ್ರ ಹೇಳಿ ಕುಳಿತುಬಿಡುತ್ತಾರಂತೆ. ನನಗೆ ಸುಮ್ಮನೆ ಕೂರಲು ಬರುತ್ತದೆಯೆ, ನಿಮಗೆ ಗೊತ್ತಲ್ಲ. ಎದ್ದು ನಿಂತೆ. ಎಲ್ಲಾ ಹೇಳಿದೆ. ಹೇಳುತ್ತಾ ಹೇಳುತ್ತಾ ಬ್ಯಾಗಿನಿಂದ ನೀಲಿ ಪಂಪ್ ತೆಗೆದು ಬೈಬಲ್ ಪಕ್ಕದಲ್ಲಿ ಮೇಜಿನ ಮೇಲೆ ಇಟ್ಟು, "ಇನ್ನು ಇದು ನನಗೆ ಬೇಡ" ಅಂದೆ. ಹೆಂಗಸರೆಲ್ಲ ಅತ್ತರು. ಆರ್ಡ್ನೆನ್ಸ್ ಫ್ಯಾಕ್ಟರಿಯ ಯಲ್ಲಪ್ಪನವರ ಹೆಂಡತಿ ರಾಜೇಶ್ವರಿಯವರು ನನ್ನ ಕೈ ಬಿಡಲೇ ಇಲ್ಲ. ಅವರಿಗೂ ಉಬ್ಬಸವಂತೆ.

ಮಾವ ಆ ಪಂಪನ್ನು ಮನೆಗೆ ತಂದು ಶೋಕೇಸಿನಲ್ಲಿ, ರೈಲ್ವೆಯವರು ಕೊಟ್ಟ ಗಡಿಯಾರಕ್ಕೂ ತೀರಿಕೊಂಡ ನನ್ನ ಅತ್ತೆಯವರ ಫೋಟೊಕ್ಕೂ ನಡುವೆ ಇಟ್ಟು ಕೀಲಿ ಹಾಕಿದ್ದಾರೆ. ಬಂದವರಿಗೆಲ್ಲ ತೋರಿಸುತ್ತಾರೆ. ಪ್ರತಿ ಶನಿವಾರ ಯಾರಾದರೂ ಕಾಯಿಲೆಯವರ ಮನೆಗೆ ನನ್ನನ್ನು ಕರೆದೊಯ್ದು, "ಹೇಳವಾ, ನಮ್ಮ ಸೊಸಿ" ಎನ್ನುತ್ತಾರೆ. ನಾನು ಹೇಳುತ್ತೇನೆ. ಈಗ ಬಾಯಿಪಾಠ ಆಗಿಬಿಟ್ಟಿದೆ.

ಮೊನ್ನೆ ಒಬ್ಬಳೇ ಸ್ಕೂಟರಿನಲ್ಲಿ ಇಲ್ಲಿಯ ಹಳೇ ಪೇಟೆ ಮಹಾಲಿಗೆ ಹೋಗಿದ್ದೆ, ಬಳೆ ತರಲು. ಅಲ್ಲಿಯ ಗಲ್ಲಿಗಳಲ್ಲಿ ಎರಡು ಸ್ಕೂಟರ್ ಎದುರಾದರೆ ಒಂದು ಹಿಂದೆ ಸರಿಯಬೇಕು, ನಾನು ನಾಲ್ಕು ಸಲ ಸರಿದೆ. ಹಸಿರು ಬಳೆ, ನಡುವೆ ಚಿನ್ನದ ಬಣ್ಣದ ಗೀರು, ತೊಟ್ಟರೆ ಗಾಜಿನ ಮಳೆ ಸುರಿದ ಹಾಗೆ ಸದ್ದು. ನನ್ನ ಸ್ನಾನ ಉದ್ದವಾಗುತ್ತಿದೆಯೆಂದು ಸಮರ್ಥ್ ರೇಗಿಸುತ್ತಾನೆ. ಮಾವ ಮಾತ್ರ "ನಲ್ಲಿ ಅಷ್ಟೊತ್ತು ಬಿಡಬ್ಯಾಡವಾ, ಬ್ಯಾಸಿಗ್ಯಾಗ ನೀರು ಸಾಲೂದಿಲ್ಲ" ಎನ್ನುತ್ತಾರೆ.

ತುಂಬಾ ತುಂಬಾ ಪ್ರೀತಿಯಿಂದ,
ಅಮ್ಮು


ಬೆಟಗೇರಿ
25 ಜನವರಿ 2025

ಪ್ರಿಯ ಅಮೂಲ್ಯಾ,

ಬಳೆಯ ಬಗ್ಗೆ ಐದು ಸಾಲು ಇದೆ. ಕಂದು ಪಂಪಿನ ಬಗ್ಗೆ ಒಂದೂ ಇಲ್ಲ.

ಶೋಕೇಸು ಔಷಧಿ ಇಡುವ ಜಾಗವಲ್ಲ. ಮಾವನವರಿಗೆ ನನ್ನ ನಮಸ್ಕಾರ ಹೇಳಿ ಇದನ್ನೂ ಹೇಳು. ಹೇಳಲು ಮುಜುಗರವಾದರೆ ನಮಸ್ಕಾರ ಮಾತ್ರ ಹೇಳು.

ಇಲ್ಲಿ ಎಲ್ಲರೂ ನಿನ್ನನ್ನು ವಿಚಾರಿಸುತ್ತಾರೆ. ನಿನ್ನ ಸುದ್ದಿ ಎಲ್ಲರಿಗೂ ಗೊತ್ತಾಗಿದೆ.

ಹೇಮಲತಾ


ಕೋರಾಡಿ
20 ಫೆಬ್ರವರಿ 2025

ಪ್ರೀತಿಯ ಹೇಮತ್ತೆ,

ತಡವಾಯಿತು. ಸಮರ್ಥ್ ಶಿಫ್ಟಿನಲ್ಲಿದ್ದಾನೆ, ಮಾವ ಹೊರಗಿನ ಕೋಣೆಯಲ್ಲಿ ಭಾನುವಾರದ ವಾಕ್ಯ ತಯಾರು ಮಾಡುತ್ತಿದ್ದಾರೆ. ಈ ಮನೆಯಲ್ಲಿ ಯಾರು ಕೆಮ್ಮಿದರೂ ಎಲ್ಲರಿಗೂ ಕೇಳಿಸುತ್ತದೆ.

ಒಂದು ವಿಷಯ ಕೇಳಬೇಕಿತ್ತು, ನರ್ಸ್ ಆಗಿಯೂ ಸಂಡೆ ಸ್ಕೂಲ್ ಟೀಚರ್ ಆಗಿಯೂ ಹೇಳಿ. ಇಲ್ಲಿ ನಮ್ಮ ಕಾಲೊನಿಯಲ್ಲಿ ಒಬ್ಬ ಹೆಂಗಸಿದ್ದಾಳೆ. ಪ್ರಾರ್ಥನೆಯಿಂದ ತನಗೆ ವಾಸಿಯಾಯಿತೆಂದು ಎಲ್ಲರ ಮುಂದೆ ಹೇಳಿಬಿಟ್ಟಳು. ಹೇಳಿದಾಗ ಹಾಗೆಯೇ ಅನ್ನಿಸಿತ್ತಂತೆ. ಆಮೇಲೆ ಕಾಯಿಲೆ ತಿರುಗಿ ಬಂತು. ಈಗ ಅವಳು ಗುಟ್ಟಾಗಿ ಔಷಧಿ ತೆಗೆದುಕೊಳ್ಳುತ್ತಾಳೆ, ಹಿಟ್ಟಿನ ಡಬ್ಬಿಯೊಳಗೆ ಅಡಗಿಸಿಟ್ಟಿದ್ದಾಳೆ. ಹೇಳೋಣವೆಂದರೆ ಅವಳ ಮನೆಯ ಹಿರಿಯರು ಅದೇ ಸಾಕ್ಷಿಯ ಮೇಲೆ ನಿಂತಿದ್ದಾರೆ. ಅವರು ತಮ್ಮ ಹೆಂಡತಿಗಾಗಿ ಹನ್ನೊಂದು ತಿಂಗಳು ಪ್ರಾರ್ಥಿಸಿದ್ದರಂತೆ, ಆಕೆ ಉಳಿಯಲಿಲ್ಲ. ಅವರ ಜೀವನದಲ್ಲಿ ಉತ್ತರ ಬಂದ ಪ್ರಾರ್ಥನೆ ಇದೊಂದೇ.

ಅಂಥವಳು ಏನು ಮಾಡಬೇಕು? ಅವಳ ಪರವಾಗಿ ಕೇಳುತ್ತಿದ್ದೇನೆ. ಅವಳೇನೂ ಕೆಟ್ಟವಳಲ್ಲ, ಸ್ವಲ್ಪ ಮಾತು ಜಾಸ್ತಿ.

ಕಿತ್ತಳೆ ಸುಗ್ಗಿ ಮುಗಿಯುತ್ತಾ ಬಂತು. ಸಮರ್ಥ್ ಸಿಪ್ಪೆ ಹಿಂಡಿ ನನ್ನ ಕಣ್ಣಿಗೆ ಚಿಮ್ಮಿಸುವುದನ್ನು ಇನ್ನೂ ಬಿಟ್ಟಿಲ್ಲ.

ಅಮ್ಮು


ಬೆಟಗೇರಿ
4 ಮಾರ್ಚ್ 2025

ಪ್ರಿಯ ಅಮೂಲ್ಯಾ,

ಆ ಹೆಂಗಸಿನ ಬಗ್ಗೆ ಕೇಳಿದ್ದೀಯ. ನೇರವಾಗಿ ಹೇಳುತ್ತೇನೆ. ಅವಳು ಸುಳ್ಳು ಹೇಳಿದ್ದು ಮನುಷ್ಯರಿಗಲ್ಲ, ದೇವರಿಗೆ. ದೇವರ ಹೆಸರಿನಲ್ಲಿ ಸುಳ್ಳು ಹೇಳುವವರನ್ನು ನಾನು ವಾರ್ಡಿನಲ್ಲಿ ಬೇಕಾದಷ್ಟು ಕಂಡಿದ್ದೇನೆ. ಅವರನ್ನು ನಂಬಿದ ರೋಗಿಗಳನ್ನು ಸ್ಟ್ರೆಚರಿನ ಮೇಲೆ ಕಂಡಿದ್ದೇನೆ. ಮಾತು ಜಾಸ್ತಿ ಎನ್ನುವುದು ಕ್ಷಮೆಗೆ ಕಾರಣವಲ್ಲ. ಹೊಗಳಿಕೆಯ ರುಚಿ ಹತ್ತಿದವರು ಬಿಡುವುದಿಲ್ಲ. ಅವಳ ಸಹವಾಸ ನಿನಗೆ ಬೇಡ.

ನಾಳೆಯಿಂದ ಲೆಂಟಿನ ನಲವತ್ತು ದಿನ ಶುರು. ಉಪವಾಸ ಅತಿ ಮಾಡಬೇಡ.

ಹೇಮಲತಾ


ಕೋರಾಡಿ
22 ಮಾರ್ಚ್ 2025

ಹೇಮತ್ತೆ,

ಆ ಹೆಂಗಸು ನಾನೇ.

ಈ ಒಂದು ಸಾಲು ಬರೆದು ಕಾಗದವನ್ನು ಎರಡು ದಿನ ದಿಂಬಿನ ಹೊದಿಕೆಯೊಳಗೆ ಇಟ್ಟಿದ್ದೆ. ಈಗ ಉಳಿದದ್ದನ್ನು ಬರೆಯುತ್ತೇನೆ.

ಬಂದಿಳಿದ ದಿನ ಮಾವ ತಲೆಯ ಮೇಲೆ ಕೈಯಿಡುವ ಮೊದಲು ನಾನು ಬಾತ್‌ರೂಮಿಗೆ ಹೋಗಿ ನೀಲಿ ಪಂಪ್ ಎರಡು ಸಲ ಎಳೆದುಕೊಂಡಿದ್ದೆ. ಹೊಸ ಮನೆ, ಎಲ್ಲರ ಮುಂದೆ ನಾಚಿಕೆ. ಹೊರಗೆ ಬಂದೆ, ಅವರು ಪ್ರಾರ್ಥಿಸಿದರು, ಎದೆ ಬಿಟ್ಟಿತು. ಯಾವುದರಿಂದ ಬಿಟ್ಟಿತು ಅಂತ ನಾನು ಯೋಚಿಸಲೇ ಇಲ್ಲ. ಅವರು ಅಳುತ್ತಿದ್ದರು, ನನಗೆ ಅವರ ಮೇಲೆ ಅಷ್ಟು ಪ್ರೀತಿ ಉಕ್ಕಿತು. ಆಮೇಲೆ ನಿಜವಾಗಿಯೂ ನಾಲ್ಕೈದು ವಾರ ಏನೂ ಆಗಲಿಲ್ಲ. ಕಂದು ಪಂಪನ್ನೂ ನಿಲ್ಲಿಸಿದೆ. ವಾಸಿಯಾದವಳು ದಿನಾ ಎರಡು ಹೊತ್ತು ಔಷಧಿ ತೆಗೆದುಕೊಂಡರೆ ಹೇಗೆ ಕಾಣುತ್ತದೆ?

ಕ್ರಿಸ್‌ಮಸ್ ಆದ ಒಂದು ವಾರಕ್ಕೆ ತಿರುಗಿ ಬಂತು. ನನ್ನ ಪಂಪ್ ಗಾಜಿನ ಹಿಂದೆ. ಕೀಲಿ ಮಾವನ ಜೇಬಿನಲ್ಲಿ. ಕೆಮ್ಮನ್ನು ನುಂಗಿಕೊಂಡು ಅದನ್ನು ನೋಡುತ್ತಾ ಕುಳಿತಿದ್ದೆ. ಮಹಾಲಿಗೆ ಹೋದದ್ದು ಬಳೆಗಲ್ಲ, ನಮ್ಮವರು ಯಾರೂ ಹೋಗದ ಮೆಡಿಕಲ್ ಶಾಪಿಗೆ. ವಾಪಸ್ ಬರುವಾಗ ಬಳೆ ಕೊಂಡೆ, ಕೇಳಿದರೆ ತೋರಿಸಲು. ಈಗ ದಿನಕ್ಕೆ ಐದಾರು ಸಲ ಬಾತ್‌ರೂಮ್. ಪಂಪಿನ ಸದ್ದು ಹೊರಗೆ ಕೇಳಬಾರದೆಂದು ನಲ್ಲಿ ಬಿಡುತ್ತೇನೆ.

ನನ್ನ ಪಾಡು ಇರಲಿ. ರಾಜೇಶ್ವರಿಯವರು ಮನೆಗೆ ಬಂದಿದ್ದರು. ಮಾವ ಹಾಲು ತರಲು ಹೋಗಿದ್ದರು. ಅವರು ಕುರ್ಚಿಯಲ್ಲೂ ಕೂರಲಿಲ್ಲ, ಶೋಕೇಸಿನ ಮುಂದೆ ನಿಂತರು.

"ನಿಮಗ ಒಂದ ಪ್ರಾರ್ಥನಿಗೆ ಹೋತು. ನಾ ಮೂರು ತಿಂಗಳಾತು ಬೇಡಾಕತ್ತೀನಿ. ನನ್ನೊಳಗ ಏನ್ ಕೊರತಿ ಐತಿ, ನೀವಾರ ಹೇಳ್ರಿ."

"ಹಾಗೆಲ್ಲ ಏನಿಲ್ಲ ಅಕ್ಕ" ಅಂದೆ.

"ಇಲ್ಲ, ಐತಿ. ಪಂಪ್ ಕೈಯಾಗ ಇಟ್ಕೊಂಡು ಬೇಡಿದ್ರ ದೇವರು ಹೆಂಗ ಕೊಟ್ಟಾನು? ನಿಮ್ಮಂಗ ಬಿಡಬೇಕು. ಕಂದು ಪಂಪ್ ಬಿಟ್ಟು ಹದಿನೈದು ದಿನಾ ಆತು. ನೀಲಿದು ಈಸ್ಟರ್ ದಿನಾ ಮೇಜಿನ ಮ್ಯಾಲೆ ಇಟ್ಟುಬಿಡ್ತೀನಿ. ನಮ್ಮ ಮನಿಯವರು ಬೈತಾರ. ನೀವು ನನ್ನ ಬಾಜೂಕ ನಿಂದರ್ರಿ, ಅಷ್ಟ ಸಾಕು."

ಅವರ ಉಸಿರಿನ ಸೀಟಿ ನನಗೆ ಕೇಳಿಸುತ್ತಿತ್ತು. ಅವರಿಗೆ ನನ್ನದು ಕೇಳಿಸದಿರಲೆಂದು ನಾನು ಮಿಕ್ಸರ್ ಹಾಕಿದೆ. ಖಾಲಿ ಮಿಕ್ಸರ್, ಹೇಮತ್ತೆ.

ಈಸ್ಟರ್ ಏಪ್ರಿಲ್ ಇಪ್ಪತ್ತಕ್ಕೆ. ನಾನು ಬಾಯಿ ಬಿಟ್ಟರೆ ಮಾವನ ಮುಖ ಹೇಗೆ ನೋಡಲಿ? ಬಿಡದಿದ್ದರೆ ಅವರಿಗೆ ಏನಾದರೂ ಆಗುತ್ತದೆ. ಎಲ್ಲಾ ಕಡೆ ಗೋಡೆ. ನೀವು ಹೇಳಿದ್ದು ಸರಿ, ಹೊಗಳಿಕೆಯ ರುಚಿಯೂ ಇತ್ತು. ನನ್ನ ಸಹವಾಸ ಬಿಡುವುದಾದರೆ ಹೇಳಿ.

ಅಮೂಲ್ಯಾ


ಬೆಟಗೇರಿ
29 ಮಾರ್ಚ್ 2025

ಅಮ್ಮು,

ನಿನ್ನ ಸಹವಾಸ ಬಿಡಲು ಬರುವುದಿಲ್ಲ, ತಡವಾಗಿದೆ.

ಮೊದಲು ನನ್ನ ತಪ್ಪು. ಕಂದು ಪಂಪ್ ನಿಲ್ಲಿಸಿದ ಮೇಲೂ ಅದರ ಗುಣ ಕೆಲವು ವಾರ ಎದೆಯಲ್ಲಿ ಉಳಿದಿರುತ್ತದೆ. ಆಮೇಲೆ ಉಬ್ಬಸ ತಿರುಗಿ ಬರುತ್ತದೆ. ಇದು ಮೊದಲ ವರ್ಷದ ನರ್ಸಿಗೂ ಗೊತ್ತು. ನಿನ್ನ ಮೊದಲ ಕಾಗದ ಓದಿದಾಗಲೇ ನನಗೆ ಗೊತ್ತಿತ್ತು. ಆದ್ದರಿಂದಲೇ ಕೇಳಿದೆ. ನೀನು ಉತ್ತರ ಕೊಡದಿದ್ದಾಗ ಗಟ್ಟಿಯಾಗಿ ಕೇಳಬೇಕಿತ್ತು. ಕೇಳಲಿಲ್ಲ.

ಯಾಕೆಂದರೆ ಅಷ್ಟರಲ್ಲಿ ಆ ಕಾಗದವನ್ನು ನಾನು ನಮ್ಮ ಸಭೆಯ ಸ್ತ್ರೀ ಸಂಘದಲ್ಲಿ ನಿಂತು ಓದಿದ್ದೆ. ನಿನಗೆ ಹೇಳಲಿಲ್ಲ. ಓದಿ ಮುಗಿಸಿದಾಗ ಎಲ್ಲರೂ ಎದ್ದು ಹಾಡಿದರು. ಹದಿನೆಂಟು ವರ್ಷ ಬೇಡಿದವಳಿಗೆ ಆ ಹಾಡು ಎಷ್ಟು ಹಿತವಾಯಿತೆಂದು ಬರೆಯಲಾರೆ. ನಿನ್ನ ಮಾವನವರ ಶೋಕೇಸನ್ನು ನಾನು ಹಳಿದೆ. ನನ್ನ ಶೋಕೇಸು ಇಲ್ಲಿತ್ತು.

ಫೆಬ್ರವರಿಯ ಕಾಗದದ ಹೆಂಗಸು ಯಾರೆಂದು ಓದಿದ ಕೂಡಲೇ ತಿಳಿಯಿತು. ತಿಳಿಯದವಳಂತೆ ಉತ್ತರ ಬರೆದೆ. ಅಷ್ಟು ಕಟುವಾಗಿ ಬರೆದದ್ದು ನಿನಗಲ್ಲ, ನನಗೇ.

ಈಗ ಮಾಡುವುದು. ಗರಿಗಳ ಭಾನುವಾರ ಏಪ್ರಿಲ್ ಹದಿಮೂರಕ್ಕೆ, ಈಸ್ಟರಿಗೆ ಒಂದು ವಾರ ಮೊದಲು. ನಮ್ಮಲ್ಲಿ ಆರಾಧನೆ ಬೆಳಿಗ್ಗೆ ಒಂಬತ್ತೂವರೆಗೆ, ನಿಮ್ಮಲ್ಲಿ ಸಂಜೆ ನಾಲ್ಕಕ್ಕೆ. ನಾನು ಮೊದಲು ಎದ್ದು ನಿಲ್ಲುತ್ತೇನೆ, ಓದಿದ್ದು ನಿಜವಲ್ಲ ಎನ್ನುತ್ತೇನೆ. ನೀನು ಏಳುವ ಹೊತ್ತಿಗೆ ಒಬ್ಬಳು ಆಗಲೇ ಹೇಳಿ ಮುಗಿಸಿರುತ್ತಾಳೆ. ನೀನು ಒಂಟಿಯಲ್ಲ.

ಕಂದು ಪಂಪ್ ಇವತ್ತೇ ಶುರು ಮಾಡು.

ಹೇಮತ್ತೆ


ಕೋರಾಡಿ
6 ಏಪ್ರಿಲ್ 2025
ಸ್ಪೀಡ್ ಪೋಸ್ಟ್

ಹೇಮತ್ತೆ,

ನನ್ನಿಂದ ಆಗುವುದಿಲ್ಲ. ಕಂದು ಪಂಪ್ ಶುರು ಮಾಡಿದ್ದೇನೆ, ಅಷ್ಟೇ ನನ್ನ ಧೈರ್ಯ.

ನಿನ್ನೆ ಶನಿವಾರ ಮತ್ತೆ ಒಂದು ಮನೆಗೆ ಕರೆದೊಯ್ದರು. ನಾನು ಬಾಯಿ ತೆರೆದೆ, ಕಥೆ ತಾನಾಗಿ ಹೊರಬಂತು, ಎಲ್ಲಿ ನಿಲ್ಲಿಸಬೇಕು ಎಲ್ಲಿ ಕಣ್ಣೊರೆಸಬೇಕು ಎಲ್ಲಾ ಸಮೇತ. ಬಸ್ಸಿನಲ್ಲಿ ಮಾವ "ಇವತ್ತು ಭಾಳ ಚಲೋ ಹೇಳಿದಿ" ಅಂದರು. ಆದರೆ ಕಿಟಕಿಯ ಕಡೆ ತಿರುಗಿ ಅಂದರು.

ಇನ್ನೊಂದು ಆಗಿದೆ, ಅದು ನನ್ನನ್ನು ಹೆದರಿಸುತ್ತಿದೆ. ಪಂಪಿನ ಹಿಂದೆ ಎಷ್ಟು ಸಲ ಉಳಿದಿದೆ ಎಂದು ತೋರಿಸುವ ಅಂಕಿ ಇರುತ್ತದಲ್ಲ. ಮೊನ್ನೆ ಹಿಟ್ಟಿನ ಡಬ್ಬಿಯಲ್ಲಿ ಇಟ್ಟಾಗ ಹನ್ನೆರಡು ಇತ್ತು. ನಿನ್ನೆ ತೆಗೆದರೆ ಇನ್ನೂರು. ಹೊಸ ಪಂಪ್. ಅದೇ ಪ್ಲಾಸ್ಟಿಕ್ ಚೀಲ, ಅದೇ ರಬ್ಬರ್ ಬ್ಯಾಂಡ್. ಯಾರೋ ನೋಡಿದ್ದಾರೆ, ಬದಲಿಸಿದ್ದಾರೆ, ಏನೂ ಹೇಳಿಲ್ಲ. ಸಮರ್ಥ್ ಇರಬೇಕು. ಅವನು ಎಂದಿನಂತೆ ನಗುತ್ತಾನೆ, ಹೆಲ್ಮೆಟ್ ಹಾಕುತ್ತಾನೆ. ಗೊತ್ತಿದ್ದೂ ನಗುತ್ತಿದ್ದಾನೆಯೇ? ಐದು ತಿಂಗಳಿಂದ ಪಕ್ಕದಲ್ಲಿ ಮಲಗುವವನನ್ನು ಕೇಳಲು ಬಾಯಿ ಬರುತ್ತಿಲ್ಲ.

ಈಸ್ಟರ್ ಮುಗಿಯಲಿ, ಆಮೇಲೆ ಹೇಳುತ್ತೇನೆ. ರಾಜೇಶ್ವರಿಯವರನ್ನು ಹೇಗಾದರೂ ಮಾಡಿ ತಡೆಯುತ್ತೇನೆ. ನೀವೂ ದಯವಿಟ್ಟು ಹೇಳಬೇಡಿ.

ಅಮ್ಮು


ಬೆಟಗೇರಿ
9 ಏಪ್ರಿಲ್ 2025
ಸ್ಪೀಡ್ ಪೋಸ್ಟ್

ಅಮ್ಮು,

ನಾನು ಹೇಳುತ್ತೇನೆ. ನೀನು ಹೇಳಿದರೂ, ಹೇಳದಿದ್ದರೂ.

ಪಂಪ್ ಬದಲಿಸಿದ್ದು ನಿನ್ನ ಗಂಡ ಎಂದೇ ನನಗೂ ಅನ್ನಿಸುತ್ತದೆ. ಹಾಗಿದ್ದರೆ ಅವನು ನೀನೇ ಹೇಳಲೆಂದು ಕಾಯುತ್ತಿದ್ದಾನೆ. ಕಾಯಿಸಬೇಡ.

ರಾಜೇಶ್ವರಿಗೆ ಇದನ್ನು ಮುಟ್ಟಿಸು. ಡಾಕ್ಟರನ್ನು ಕಂಡು ಕಂದು ಪಂಪ್ ತಿರುಗಿ ಶುರು ಮಾಡಬೇಕು. ನೀಲಿ ಪಂಪ್ ಯಾವಾಗಲೂ ಚೀಲದಲ್ಲಿರಬೇಕು. ಉಬ್ಬಸ ಬಂದಾಗ ಚೆನ್ನಾಗಿ ಅಲುಗಾಡಿಸಿ ಒಂದು ಸಲ ಎಳೆದುಕೊಳ್ಳಲಿ, ಪೂರ್ತಿ ಒಂದು ನಿಮಿಷ ಬಿಟ್ಟು ಇನ್ನೊಂದು ಸಲ. ಹೆಚ್ಚಿನವರು ಆ ಒಂದು ನಿಮಿಷ ಕಾಯುವುದಿಲ್ಲ. ನೀನೂ ಕಾಯುವವಳಲ್ಲ, ನನಗೆ ಗೊತ್ತು.

ನಿನ್ನ ಕೈ ಹಿಡಿದಿದ್ದೇನೆ ಎಂದುಕೋ.

ಹೇಮತ್ತೆ


ಕೋರಾಡಿ
23 ಏಪ್ರಿಲ್ 2025

ಹೇಮತ್ತೆ,

ನಿಮ್ಮ ಸ್ಪೀಡ್ ಪೋಸ್ಟ್ ಹನ್ನೆರಡನೆಯ ತಾರೀಖು ಶನಿವಾರ ಮಧ್ಯಾಹ್ನ ಬಂತು. ಮಾವನೇ ಸಹಿ ಮಾಡಿ ತೆಗೆದುಕೊಂಡು ನನ್ನ ಕೈಗೆ ಕೊಟ್ಟರು.

ಭಾನುವಾರ ಹಾಲಿನಲ್ಲಿ ಈಚಲ ಗರಿ ಹಿಡಿದು ಎಲ್ಲರೂ ಒಂದು ಸುತ್ತು ಬಂದೆವು. ನಿಮ್ಮದು ಆಗಲೇ ಮುಗಿದಿರುತ್ತದೆ, ನೀವು ಮನೆಗೆ ಹೋಗಿ ಒಬ್ಬರೇ ಅನ್ನಕ್ಕೆ ಇಟ್ಟಿರುತ್ತೀರಿ ಅಂತ ಮಾತ್ರ ಯೋಚಿಸುತ್ತಿದ್ದೆ. ಮಾವ "ಸಾಕ್ಷಿ ಹೇಳೋರು ಅದಾರೇನು?" ಅಂದರು. ಎದ್ದೆ. ಬಾಯಿಪಾಠದ ಕಥೆ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದನ್ನು ಬಿಟ್ಟರೆ ನನ್ನ ಹತ್ತಿರ ಬೇರೆ ಮಾತೇ ಇರಲಿಲ್ಲ. ಆದ್ದರಿಂದ ಚೀಲದಿಂದ ಪಂಪ್ ತೆಗೆದು ಎಲ್ಲರ ಮುಂದೆ ಎಳೆದುಕೊಂಡೆ.

"ಇದನ್ನು ದಿನಾ ತಗೊಳ್ತೀನಿ" ಅಂದೆ. "ಬಂದ ದಿನವೂ ತಗೊಂಡಿದ್ದೆ. ಡಿಸೆಂಬರಿನಲ್ಲಿ ನಾನು ಹೇಳಿದ್ದು ಸುಳ್ಳು. ಅದನ್ನು ನಂಬಿ ಯಾರೂ ಔಷಧಿ ಬಿಡಬೇಡಿ."

ರಾಜೇಶ್ವರಿಯವರು ಎದ್ದರು. ಗರಿ ಕೈಯಲ್ಲೇ ಇತ್ತು.

"ಮೂರು ತಿಂಗಳು ನನ್ನ ವಿಶ್ವಾಸ ಕಮ್ಮಿ ಐತಿ ಅಂತ ಅತ್ತೀನಿ. ಗ್ಯಾಸ್ ಹಚ್ಚುವಾಗ ಅತ್ತೀನಿ, ಪಾತ್ರಿ ತಿಕ್ಕುವಾಗ ಅತ್ತೀನಿ. ನೀವು ಅವತ್ತು ಮಿಕ್ಸರ್ ಹಾಕಿದ್ರಿ."

ಅಷ್ಟೇ ಅಂದರು. ಯಲ್ಲಪ್ಪನವರು "ನಡಿ, ನಡಿ" ಎಂದು ಕರೆದುಕೊಂಡು ಹೋದರು. ನನ್ನನ್ನು ನೋಡಲಿಲ್ಲ. ಮಾವ ಕೊನೆಯ ಪ್ರಾರ್ಥನೆ ಶುರು ಮಾಡಿ, ಎರಡು ಸಾಲಿಗೆ ನಿಲ್ಲಿಸಿ, "ಹೋಗಿ ಬರ್ರಿ" ಅಂದರು. ಕೈ ಮೇಲೇಳಲಿಲ್ಲ.

ಮನೆಗೆ ಬಂದು ಸಮರ್ಥ್ ಚಪ್ಪಲಿ ಬಿಚ್ಚುತ್ತಾ "ಅಂದ್ರ ಆ ನಲ್ಲಿ ಇದಕ್ಕ?" ಅಂದ. ಹೂಂ ಅಂದೆ. "ನಾ ಹೊರಗ ನಿಂತು ಜೋಕ್ ಮಾಡ್ತಿದ್ದೆ ಯಾರ್. ನೀ ಒಳಗ ಉಸಿರು ಹುಡುಕ್ತಿದ್ದಿ." ಅವನಿಗೆ ಏನೂ ಗೊತ್ತಿರಲಿಲ್ಲ, ಹೇಮತ್ತೆ. ನಾವಿಬ್ಬರೂ ತಪ್ಪು ತಿಳಿದಿದ್ದೆವು. ಅವನು ಹಿಂದಿನ ಬಾಗಿಲ ಮೆಟ್ಟಿಲ ಮೇಲೆ ಹೋಗಿ ಕುಳಿತ. ಮೂರು ದಿನ ಹೆಲ್ಮೆಟ್ ನನ್ನ ತಲೆಗೆ ಬರಲಿಲ್ಲ.

ಮಾವ ಶೋಕೇಸಿನ ಕೀಲಿ ತೆಗೆಯುತ್ತಿದ್ದರು. ಬೆನ್ನು ನನ್ನ ಕಡೆ.

"ಹಿಟ್ಟಿನ ಡಬ್ಬ್ಯಾಗ ಹೊಸಾದು ನಾನ ಇಟ್ಟೆ" ಅಂದರು. "ನೀ ಮಲಗಿದ್ದಿ. ರೊಟ್ಟಿ ಬಡಿಯೋಣು ಅಂತ ಕೈ ಹಾಕಿದೆ."

"ಗೊತ್ತಿದ್ದೂ ಶನಿವಾರ ಕರೆದುಕೊಂಡು ಹೋದಿರಾ, ಮಾವ?"

"ಹೋದೆ. ನಿನ್ನ ಅತ್ತೀಗೆ ಹನ್ನೊಂದು ತಿಂಗಳು ಬೇಡಿದೆ. ಇದೊಂದಾರ ಇರ್ಲಿ ಅಂತ ಹಿಡಕೊಂಡಿದ್ದೆ. ನಿನ್ನ ಸಲುವಾಗಿ ಸುಮ್ನಿದ್ದೆ ಅಂತ ತಿಳೀಬ್ಯಾಡ, ನನ್ನ ಸಲುವಾಗಿ." ಪಂಪನ್ನು ಹೊರಗೆ ತೆಗೆದು, ಕಿವಿಯ ಹತ್ತಿರ ಅಲುಗಾಡಿಸಿ, ನನ್ನ ಕೈಗೆ ಕೊಟ್ಟರು. ಶೋಕೇಸಿನಲ್ಲಿ ಅದಿದ್ದ ಜಾಗದಲ್ಲಿ ಧೂಳಿಲ್ಲದ ಒಂದು ಚಿಕ್ಕ ಗುರುತು ಉಳಿದಿದೆ. ಒರೆಸಲು ಹೋದೆ. "ಇರ್ಲಿ ಬಿಡು" ಅಂದರು.

ನೀವು ಬರೆದದ್ದನ್ನು ರಾಜೇಶ್ವರಿಯವರಿಗೆ ಆ ಸಂಜೆಯೇ ಮೆಸೇಜು ಕಳಿಸಿದೆ, ಡಾಕ್ಟರ್, ಕಂದು ಪಂಪ್, ಆ ಒಂದು ನಿಮಿಷ, ಒಂದೂ ಬಿಡದೆ. ನೋಡಿದ್ದಾರೆ ಅಂತ ತೋರಿಸಿತು. ಉತ್ತರ ಇಲ್ಲ. ವಾರವಿಡೀ ಇಲ್ಲ. ಸಭೆಯಿಂದ ಫೋನುಗಳು ಬಂದವು, ಮಾವ ಮುಂದಿನ ಕೋಣೆಯಲ್ಲಿ ನಿಂತು "ಹೌದು, ಹೌದು, ನಂದೂ ತಪ್ಪ ಐತಿ" ಅನ್ನುವುದು ನನಗೆ ಹಿಂದಿನ ಕೋಣೆಯಲ್ಲಿ ಕೇಳಿಸುತ್ತಿತ್ತು. ಇದು ಇನ್ನೂ ಅದೇ ಎರಡು ಕೋಣೆ. ಹೇಳಿಬಿಟ್ಟರೆ ಗೋಡೆಗಳು ಸರಿಯುತ್ತವೆ ಅಂದುಕೊಂಡಿದ್ದೆ. ಸರಿಯಲಿಲ್ಲ. ನಲ್ಲಿ ಮಾತ್ರ ಈಗ ಬಿಡುವುದಿಲ್ಲ.

ಈಸ್ಟರ್‌ಗೆ ಒಂಬತ್ತು ಮನೆಯವರು ಬಂದಿದ್ದರು. ಮೂರು ಮನೆಯವರು ಬರಲಿಲ್ಲ. ನಾನು ಕೊನೆಯ ಸಾಲಿನಲ್ಲಿ, ಸಮರ್ಥ್ ಪಕ್ಕದಲ್ಲಿ, ನಡುವೆ ಒಂದು ಖಾಲಿ ಕುರ್ಚಿ. ಮೇಜಿನ ಮೇಲೆ ಬೈಬಲ್ ಮಾತ್ರ. ಸಾಕ್ಷಿಗೆ ಮಾವ ಯಾರನ್ನೂ ಕರೆಯಲಿಲ್ಲ. ಕೊನೆಯ ಪ್ರಾರ್ಥನೆಗೆ ಎಲ್ಲರೂ ಎದ್ದು ಕಣ್ಣು ಮುಚ್ಚಿದೆವು. ಆಗ ಹಿಂದೆ ಬಾಗಿಲು ಕಿರುಗುಟ್ಟಿತು. ಯಾರೋ ತಡವಾಗಿ ಬಂದು ನಿಂತರು. ಮೆಟ್ಟಿಲು ಹತ್ತಿ ಬಂದ ಉಸಿರು, ಸೀಟಿಯ ಉಸಿರು. ರಾಜೇಶ್ವರಿಯವರೆಂದು ತಿಳಿಯಲು ನನಗೆ ತಿರುಗಿ ನೋಡಬೇಕಾಗಿರಲಿಲ್ಲ.

ಮಾವ ಮುಗಿಸುವ ಮಾತಿಗೆ ಬಂದಿದ್ದರು, ಕೈ ಮೇಲೆದ್ದಿತ್ತು. ಹಿಂದಿನಿಂದ ಗಲಗಲ ಎಂದು ಅಲುಗಾಡಿಸುವ ಸದ್ದು, ಆಮೇಲೆ ಪಂಪಿನ ಸದ್ದು. ಅಷ್ಟು ದೊಡ್ಡ ಹಾಲಿನಲ್ಲಿ ಅದು ಎಷ್ಟು ಜೋರಾಗಿ ಕೇಳಿಸುತ್ತದೆಂದು ನನಗೆ ಗೊತ್ತಿರಲಿಲ್ಲ. ಮಾವ ಮಾತು ನಿಲ್ಲಿಸಿದರು. ನಾನು ಕಣ್ಣು ತೆರೆದೆ. ಅವರ ಕೈ ಎತ್ತಿದಲ್ಲೇ ಇತ್ತು, ಸಿಗ್ನಲ್ಲಿಗೆ ಕಾಯುವವರಂತೆ. ಯಾರೂ ಕೆಮ್ಮಲಿಲ್ಲ, ಯಾರೂ ಕೂರಲಿಲ್ಲ. ಪೂರ್ತಿ ಒಂದು ನಿಮಿಷ, ಹೇಮತ್ತೆ. ಗೋಡೆಯ ಗಡಿಯಾರ ನೋಡಿಕೊಂಡೆ. ಆಮೇಲೆ ಎರಡನೆಯ ಸದ್ದು ಬಂತು.

ಮಾವ ಕೈ ಇಳಿಸಿ ಆಮೆನ್ ಅಂದರು.

ಅಮ್ಮು